ಮತ್ತಿತರರು ಉಪಸ್ಥಿತರಿದ್ದರು

ಜಿಲ್ಲಾ ಪುಟದಲ್ಲಿ ಬರುವ ಕ್ರೀಡಾಕೂಟದ ಫೋಟೊ ನೋಡಿದ್ದೀರಲ್ವಾ? ನಡುವೆ ಶಾಸಕರು, ಕೈಯಲ್ಲಿ ವಾಲಿಬಾಲ್. ಸರ್ವ್ ಮಾಡುವ ಭಂಗಿಯಲ್ಲಿ ನಿಂತಿದ್ದಾರೆ. ಆ ಬಾಲ್ ನೆಟ್ ದಾಟುವುದಿಲ್ಲ ಅಂತ ಫೋಟೊ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಎಡಕ್ಕೆ ಪಂಚಾಯಿತಿ ಅಧ್ಯಕ್ಷರು, ಬಲಕ್ಕೆ ಬಿಇಒ, ಆಮೇಲೆ ಎಸ್‌ಡಿಎಂಸಿ ಅಧ್ಯಕ್ಷರು, ದಾನಿಗಳು, ದಾನಿಗಳ ಭಾಮೈದ. ಕೆಳಗೆ ಅಷ್ಟೂ ಜನರ ಹೆಸರು ಇನಿಷಿಯಲ್ ಸಮೇತ. ಕೊನೆಗೆ ಒಂದು ಸಾಲು: ಮತ್ತಿತರರು ಉಪಸ್ಥಿತರಿದ್ದರು.

ಯಾರಪ್ಪಾ ಆ ಮತ್ತಿತರರು ಅಂದರೆ, ಆಡಿದವರು. ಮತ್ತು ಆಡೋದು ಕಲಿಸಿದವರು.

ಇಷ್ಟು ದಿನ ಇದು ಪೇಪರಿನವರ ಜಾಗದ ಸಮಸ್ಯೆ ಅಂದುಕೊಂಡು ಸುಮ್ಮನಿದ್ದೆ. ಎರಡು ಕಾಲಂ ಫೋಟೊಗೆ ಎಷ್ಟು ಹೆಸರು ಅಂತ ಹಾಕ್ತಾರೆ ಪಾಪ. ಆದರೆ ಇತ್ತೀಚೆಗೆ ರಾತ್ರಿ ನಿದ್ದೆ ಬರದಿದ್ದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಅಳಿಸಬೇಕು ಅಂತ ನಡೆಯುವ ಚರ್ಚೆಗಳನ್ನು ಓದುವ ಚಟ ಹತ್ತಿದೆ. ಧಾರಾವಾಹಿಗಿಂತ ಚೆನ್ನಾಗಿರುತ್ತದೆ. ಅದರಲ್ಲೂ ಅಷ್ಟೇನೂ ಹೆಸರು ಮಾಡದ ಆಟಗಾರರು, ಕೋಚ್‌ಗಳ ವಿಚಾರಣೆ ಇದ್ದರಂತೂ ನಾನು ಕಾಫಿ ಮಾಡಿಕೊಂಡು ಕೂರುತ್ತೇನೆ.

ಪದ್ಧತಿ ಹೀಗಿದೆ. ಒಬ್ಬರು ಬಂದು 'ಈ ಮನುಷ್ಯ ವಿಶ್ವಕೋಶಕ್ಕೆ ತಕ್ಕವನಲ್ಲ' ಅಂತ ದೂರು ಕೊಡುತ್ತಾರೆ. ಏಳು ದಿನ ಟೈಮು. ನಮ್ಮಲ್ಲಿ ಜಮೀನಿನ ಪಹಣಿಯಲ್ಲಿ ತಪ್ಪಾಗಿರುವ ಒಂದು ಅಕ್ಷರ ತಿದ್ದಿಸಲು ಅದಕ್ಕಿಂತ ಜಾಸ್ತಿ ದಿನ ಬೇಕು. ಇಲ್ಲಿ ಒಬ್ಬ ಮನುಷ್ಯನ ಜೀವಮಾನವೇ ಏಳು ದಿನದಲ್ಲಿ ಇತ್ಯರ್ಥ. ಬಂದವರು ಒಬ್ಬೊಬ್ಬರಾಗಿ 'ಉಳಿಸಿ', 'ಅಳಿಸಿ' ಅಂತ ಬರೆಯುತ್ತಾರೆ. ಇದು ಮತದಾನ ಅಲ್ಲ, ವಾದದ ತೂಕ ನೋಡುತ್ತೇವೆ ಅಂತ ನಿಯಮದಲ್ಲಿದೆ. ವಾದ ಅಂದರೆ ಎಷ್ಟೋ ಸಲ ಒಂದೇ ಸಾಲು: ಮೇಲಿನವರು ಹೇಳಿದ ಹಾಗೆ, ಅಳಿಸಿ. ಆ ಮೇಲಿನವರು ಏನು ಹೇಳಿದ್ದಾರೆ ಅಂತ ನೋಡಿದರೆ, ಅವರೂ ಅವರ ಮೇಲಿನವರನ್ನು ತೋರಿಸಿರುತ್ತಾರೆ.

ಅಳತೆಗೋಲಿನ ಹೆಸರು ಗಮನಾರ್ಹತೆ. ಅಂದರೆ ಆ ವ್ಯಕ್ತಿ ಏನು ಮಾಡಿದ ಅನ್ನೋದು ಪ್ರಶ್ನೆ ಅಲ್ಲ. ಅವನಿಗೆ ಸಂಬಂಧವಿಲ್ಲದ ಯಾರಾದರೂ, ನಂಬುವಂಥ ಕಡೆ, ಅವನ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರಾ ಅನ್ನೋದು ಪ್ರಶ್ನೆ. ಹೆಸರಿಗಷ್ಟೇ ಬಂದಿದ್ದರೆ ಲೆಕ್ಕಕ್ಕಿಲ್ಲ. ಪಂದ್ಯದ ಫಲಿತಾಂಶದಲ್ಲಿ ಬಂದಿದ್ದರೆ ಅದು ಮಾಮೂಲಿ ವರದಿ, ಲೆಕ್ಕಕ್ಕಿಲ್ಲ. ಶಾಲೆಯವರು, ಕ್ಲಬ್‌ನವರು ಬರೆದಿದ್ದರೆ ಅವರು ಒಂದೇ ಮನೆಯವರು, ಲೆಕ್ಕಕ್ಕಿಲ್ಲ. ಸಂದರ್ಶನ ಬಂದಿದ್ದರೆ ಅದರಲ್ಲಿ ಮಾತಾಡಿದ್ದು ಅವನೇ ಅಲ್ವಾ, ಹಾಗಾಗಿ ಅದೂ ಇಲ್ಲ. ಒಟ್ಟಿನಲ್ಲಿ ಕೋಚ್ ಬಾಯಿ ಬಿಟ್ಟರೆ ಅದು ಸಾಕ್ಷಿ ಅಲ್ಲ, ಬಾಯಿ ಬಿಡದಿದ್ದರೆ ಸಾಕ್ಷಿಯೇ ಇಲ್ಲ.

ಈಗ ಮೊದಲು ಹೇಳಿದ ಫೋಟೊಗೆ ಬನ್ನಿ. ಅದೇ ನಿಯಮದ ಪುಸ್ತಕದಲ್ಲಿ ರಾಜಕಾರಣಿಗಳಿಗೆ ಬೇರೆ ಪುಟ ಇದೆ. ರಾಜ್ಯದ ಶಾಸನಸಭೆಗೆ ಆರಿಸಿ ಬಂದವರು ಗಮನಾರ್ಹರು ಅಂತಲೇ ಅಲ್ಲಿ ಲೆಕ್ಕ. ಅಂದರೆ ನೆಟ್ ದಾಟದ ಸರ್ವ್ ಮಾಡಿದವರು ಒಳಗೆ. ಅವರ ಹಿಂದೆ ವಿಷಲ್ ಹಿಡಿದು ನಿಂತವರು ಪೇಪರ್ ಕಟಿಂಗ್ ತಂದರೆ ಆಮೇಲೆ ನೋಡೋಣ.

ಆಟಗಾರರಿಗೂ ಒಂದು ಕಾಲದಲ್ಲಿ ಹೀಗೇ ಸುಖ ಇತ್ತು. ಅದರಲ್ಲೂ ಕ್ರಿಕೆಟ್‌ನವರಿಗೆ ಸುಗ್ಗಿ. ಒಂದೇ ಒಂದು ಪ್ರಥಮ ದರ್ಜೆ ಪಂದ್ಯ ಆಡಿದ್ದರೆ ಸಾಕು, ವಿಶ್ವಕೋಶದಲ್ಲಿ ಸೈಟು ಖಾಯಂ. ಸೊನ್ನೆಗೆ ಔಟಾಗಿ, ಬೌಲಿಂಗೂ ಮಾಡದೆ, ಕ್ಯಾಚೂ ಹಿಡಿಯದೆ, ಮಧ್ಯಾಹ್ನ ಊಟ ಮಾಡಿ ಮನೆಗೆ ಹೋಗಿದ್ದರೂ ನಡೆಯುತ್ತಿತ್ತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಆಡಿದ ಕೆಲವರ ಮೊದಲ ಹೆಸರು ಏನು ಅಂತಲೇ ಯಾರಿಗೂ ಗೊತ್ತಿಲ್ಲ. ಹಳೇ ಸ್ಕೋರ್‌ಕಾರ್ಡಿನಲ್ಲಿ ಬರೀ ಮನೆತನದ ಹೆಸರಿದೆ. ಹುಟ್ಟಿದ್ದು ಗೊತ್ತಿಲ್ಲ, ಸತ್ತದ್ದು ಗೊತ್ತಿಲ್ಲ, ಬಲಗೈಯೋ ಎಡಗೈಯೋ ಗೊತ್ತಿಲ್ಲ. ಆದರೂ ಲೇಖನ ಇತ್ತು. ನಮ್ಮ ಕಡೆ ಇಷ್ಟೇ ಮಾಹಿತಿ ಹಿಡಿದುಕೊಂಡು ಹೋದರೆ ರೇಷನ್ ಕಾರ್ಡೂ ಕೊಡುವುದಿಲ್ಲ.

ಇಂಥ ಎರಡು ಸಾಲಿನ ಲೇಖನಗಳು ರಾಶಿ ಬಿದ್ದ ಮೇಲೆ ಅವರಿಗೇ ನಾಚಿಕೆಯಾಯಿತು ಅಂತ ಕಾಣುತ್ತದೆ. 2022ರಲ್ಲಿ ದೊಡ್ಡ ಪಂಚಾಯಿತಿ ಸೇರಿಸಿ, ಬರೀ ಆಡಿದ್ದಾರೆ ಅನ್ನೋ ಕಾರಣಕ್ಕೆ ಒಳಗೆ ಬಿಡುವುದಿಲ್ಲ ಅಂತ ತೀರ್ಮಾನ ಮಾಡಿದರು. ಒಲಿಂಪಿಕ್ಸ್‌ನವರಿಗೆ ಅದಕ್ಕೆ ಸ್ವಲ್ಪ ಮೊದಲೇ ಬಾಗಿಲು ಕಿರಿದಾಗಿತ್ತು. ಪದಕ ಗೆದ್ದಿದ್ದರೆ ನೇರ ಒಳಗೆ, ಇಲ್ಲದಿದ್ದರೆ ಕಟಿಂಗ್ ತೋರಿಸಿ.

ಬರೀ ಒಲಿಂಪಿಕ್ಸ್ ಓಟವನ್ನೇ ಹಿಡಿದು ಈ ಅಳತೆಗೋಲಿನಲ್ಲಿ ಅಳೆದು ನೋಡಿ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರು. ಹೊರಗೆ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಕೂಡ ನಾಲ್ಕನೆಯವರು, ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ. ಅವರೂ ಹೊರಗೆ. ಇವರಿಬ್ಬರಿಗೂ ಬೇರೆ ಪದಕಗಳಿದ್ದವು, ಪೇಪರಿನವರೂ ಬಿಡದೆ ಬರೆದರು, ಹಾಗಾಗಿ ಬಚಾವ್. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಕತೆ ಕೇಳಿ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ತಂಡದಲ್ಲಿದ್ದವರು. ಆ ತಂಡ ಹೊರಡಲು ದೊರಾಬ್ಜಿ ಟಾಟಾ ದುಡ್ಡು ಹಾಕಿದ್ದರು. ಮ್ಯಾರಥಾನ್ ಅಂದರೆ ಈಗ 42.195 ಕಿಲೋಮೀಟರ್, ಆ ಸಲ 42.75. ಅರ್ಧ ಕಿಲೋಮೀಟರಿಗೂ ಮೇಲೆ ಎಕ್ಸ್‌ಟ್ರಾ ಓಡಿಸಿದರು. ಅದನ್ನು ಈ ಬೆಳಗಾವಿಯ ಮನುಷ್ಯ ಎರಡು ಗಂಟೆ ಐವತ್ತು ನಿಮಿಷ ನಲವತ್ತೈದು ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ನೂರು ವರ್ಷದ ಹಿಂದೆ! ಇವತ್ತು ನಮ್ಮ ಆಫೀಸಿನ ಅರ್ಧ ಜನ 10ಕೆ ಓಡಿ, ಮೆಡಲ್ ಕಚ್ಚಿಕೊಂಡು ಸ್ಟೇಟಸ್ ಹಾಕುತ್ತಾರೆ.

ನಿಯಮದ ಪ್ರಕಾರ 19ನೇ ಸ್ಥಾನ ಅಂದರೆ ಏನು? ಮತ್ತಿತರರು.

ಹಾಗಂತ ನಿಯಮ ಮಾಡಿದವರಿಗೆ ತಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮೂರ ಸರ್ಕಲ್ಲಿಗೆ ಬಂದು ನೋಡಿದರೆ ಆ ನಿಯಮ ಯಾಕೆ ಬೇಕು ಅಂತ ಅರ್ಥವಾಗುತ್ತದೆ. ಅಲ್ಲೊಂದು ಫ್ಲೆಕ್ಸ್ ನಿಂತಿದೆ. 'ಅಂತಾರಾಷ್ಟ್ರೀಯ ಕರಾಟೆಯಲ್ಲಿ ಕಂಚಿನ ಪದಕ ಗೆದ್ದ ನಮ್ಮೂರ ಹುಲಿಗೆ ಅಭಿನಂದನೆಗಳು.' ಹುಲಿಗೆ ಏಳು ವರ್ಷ. ಅದರ ತೂಕದ ಗುಂಪಿನಲ್ಲಿ ಇದ್ದದ್ದೇ ಮೂರು ಹುಡುಗರಂತೆ. ಅಂತಾರಾಷ್ಟ್ರೀಯ ಹೇಗೆ ಅಂತ ಅವರಪ್ಪನನ್ನು ಕೇಳಿದೆ. ನೇಪಾಳದಿಂದ ಒಬ್ಬರು ರೆಫ್ರಿ ಬಂದಿದ್ದರು ಅಂದ. ಹುಲಿಯ ಕೋಚ್ ಫೋಟೊ ಹುಲಿಗಿಂತ ದೊಡ್ಡದಾಗಿದೆ, ಕೆಳಗೆ 'ಗ್ರ್ಯಾಂಡ್ ಮಾಸ್ಟರ್, ವಿಶ್ವದಾಖಲೆ ವೀರ' ಅಂತ ಬೇರೆ. ಇವರನ್ನೆಲ್ಲ ವಿಶ್ವಕೋಶಕ್ಕೆ ಬಿಟ್ಟುಕೊಂಡರೆ ಅದೂ ಸರ್ಕಲ್ಲೇ ಆಗುತ್ತದೆ. ಜರಡಿ ಬೇಕು, ಒಪ್ಪಿದೆ. ಆದರೆ ಈ ಜರಡಿಯ ಕಣ್ಣು ಎಂಥದು ಅಂದರೆ, ಫ್ಲೆಕ್ಸ್ ಹಾಕಿಸುವವನು ನಾಳೆ ನಾಲ್ಕು ಕಡೆ ದುಡ್ಡು ಕೊಟ್ಟು ಬರೆಸಿಕೊಂಡು ಹೇಗೋ ನುಸುಳಿ ಬಿಡುತ್ತಾನೆ. ಮೇಲೆ ಸಿಕ್ಕಿಕೊಳ್ಳುವುದು ಮಾತ್ರ ಗಟ್ಟಿ ಕಾಳು.

ಮೊನ್ನೆ ಕಾಫಿ ಕುಡಿಯುತ್ತಾ ಒಂದು ಯೋಚನೆ ಬಂತು. ಏಕಲವ್ಯನ ಲೇಖನ ಇಲ್ಲಿ ವಿಚಾರಣೆಗೆ ಬಂದರೆ ಏನಾಗಬಹುದು?

'ಮಾನ್ಯತೆ ಪಡೆದ ಯಾವ ಕೂಟದಲ್ಲೂ ಭಾಗವಹಿಸಿದ ದಾಖಲೆ ಇಲ್ಲ. ಪದಕ ಇಲ್ಲ. ಅಳಿಸಿ.'

'ಮೇಲಿನವರು ಹೇಳಿದ ಹಾಗೆ, ಅಳಿಸಿ.'

'ಉಳಿಸಿ. ಬೊಗಳುತ್ತಿದ್ದ ನಾಯಿಯ ಬಾಯಿಗೆ ಗಾಯವಾಗದಂತೆ ಏಳು ಬಾಣ ತುಂಬಿದ್ದಾರೆ. ಅರ್ಜುನನೇ ನೋಡಿ ಬೆಚ್ಚಿದ್ದಾನೆ.'

'ಅದು ಅಭ್ಯಾಸದ ಸಮಯದಲ್ಲಿ ನಡೆದದ್ದು, ಸ್ಪರ್ಧೆ ಅಲ್ಲ. ನಾಯಿಯ ಹೇಳಿಕೆ ಲಭ್ಯವಿಲ್ಲ.'

'ಇರುವ ಮೂಲ ಒಂದೇ, ವ್ಯಾಸರು. ಅವರು ಕೌರವ ಪಾಂಡವರ ಸ್ವಂತ ಅಜ್ಜ. ಸ್ವತಂತ್ರ ಮೂಲ ಅಂತ ಹೇಗೆ ಒಪ್ಪುವುದು?'

'ಕೋಚ್ ಯಾರು ಅನ್ನುವ ಕಡೆ ಮಣ್ಣಿನ ಗೊಂಬೆ ಅಂತ ಬರೆದಿದ್ದಾರೆ. ಗೊಂಬೆಗೆ ಪಟಿಯಾಲದ ಎನ್‌ಐಎಸ್ ಕೋಚಿಂಗ್ ಸರ್ಟಿಫಿಕೇಟ್ ಇದೆಯಾ?'

'ಈ ವ್ಯಕ್ತಿ ಹೆಸರಾಗಿರುವುದು ಒಂದೇ ಒಂದು ಘಟನೆಗೆ, ಹೆಬ್ಬೆರಳಿಗೆ. ಒಂದೇ ಘಟನೆಯವರಿಗೆ ಪ್ರತ್ಯೇಕ ಲೇಖನ ಬೇಡ ಅಂತ ನಿಯಮ ಇದೆ.'

ಏಳನೇ ದಿನ ತೀರ್ಪು: ಏಕಲವ್ಯನ ಪುಟ ತೆಗೆಯಲಾಗಿದೆ. ಯಾರಾದರೂ ಹುಡುಕಿದರೆ ದ್ರೋಣರ ಲೇಖನಕ್ಕೆ ಹೋಗುತ್ತದೆ, 'ಗುರುದಕ್ಷಿಣೆ' ಎಂಬ ಭಾಗಕ್ಕೆ.

ನಗಬೇಡಿ, ನಮ್ಮ ಸರ್ಕಾರಗಳು ಇದನ್ನು ಆಗಲೇ ಮಾಡಿ ಮುಗಿಸಿವೆ. ಕರ್ನಾಟಕದಲ್ಲಿ ಒಳ್ಳೆಯ ಆಟಗಾರರಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ದೆಹಲಿಯಲ್ಲಿ 1985ರಿಂದ ಕೋಚ್‌ಗಳಿಗೆ ಕೊಡುವುದು ದ್ರೋಣಾಚಾರ್ಯ ಪ್ರಶಸ್ತಿ. ಬೆರಳು ಕೊಟ್ಟವನ ಹೆಸರು ಆಟಗಾರನಿಗೆ, ಕೇಳಿದವರ ಹೆಸರು ಕೋಚ್‌ಗೆ. ಹೆಸರಿಟ್ಟ ಕಮಿಟಿಯಲ್ಲಿ ಯಾರೂ ಕತೆಯನ್ನು ಕೊನೆತನಕ ಕೇಳಿರಲಿಲ್ಲ ಅಂತ ಕಾಣುತ್ತದೆ. ಮೊದಲ ವರ್ಷವೇ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರಲ್ಲಿ ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ಒಬ್ಬರು. ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ. ಎರಡರ ನಡುವೆ 36 ವರ್ಷ. ಫೈಲು ಎಲ್ಲೋ ವಾರ್ಮ್‌ಅಪ್ ಮಾಡುತ್ತಿತ್ತೇನೋ. ಪದ್ಮಶ್ರೀ ಪ್ರಕಟವಾದ ವರ್ಷವೇ ಅವರು ತೀರಿಕೊಂಡರು.

ಅದೇ 2021ರ ಆಗಸ್ಟ್ ನೆನಪಿದೆಯಾ? ಟೋಕಿಯೊದಲ್ಲಿ ನೀರಜ್ ಚೋಪ್ರಾ ಜಾವೆಲಿನ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ದೇಶವೆಲ್ಲ ಪಟಾಕಿ. ಇಲ್ಲಿ ನಮ್ಮ ರಾಜ್ಯ ಸರ್ಕಾರ, ನೀರಜ್‌ಗೆ ಹಿಂದೆ ತರಬೇತಿ ಕೊಟ್ಟವರು ಅಂತ ಶಿರಸಿ ಕಡೆಯ ಕಾಶಿನಾಥ್ ನಾಯ್ಕ್ ಅವರಿಗೆ 10 ಲಕ್ಷ ಘೋಷಿಸಿತು. ಮರುಕ್ಷಣವೇ ಅಥ್ಲೆಟಿಕ್ಸ್ ಫೆಡರೇಷನ್ ಅಧ್ಯಕ್ಷರು, ಇವರು ಯಾರು ಅಂತಲೇ ನನಗೆ ಗೊತ್ತಿಲ್ಲ ಎಂಬ ಅರ್ಥದ ಮಾತು ಹೇಳಿದರು. ನಾಯ್ಕ್ ಅವರು, ಅಯ್ಯೋ ರಾಷ್ಟ್ರೀಯ ಶಿಬಿರದಲ್ಲಿ ನಾನಿದ್ದೆನಲ್ಲ ಸ್ವಾಮಿ ಅಂತ ವಿವರ ಕೊಡಬೇಕಾಯಿತು. ಯಾರು ಎಷ್ಟು ದಿನ ಕಲಿಸಿದರು, ಚಿನ್ನದಲ್ಲಿ ಯಾರದು ಎಷ್ಟು ಗ್ರಾಂ ಅನ್ನೋ ಪಂಚಾಯಿತಿ ನನಗೆ ಬೇಡ. ಆದರೆ ಈ 'ಗೊತ್ತಿಲ್ಲದ' ಮನುಷ್ಯ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅದೇ ಜಾವೆಲಿನ್ ಎಸೆದು ಭಾರತಕ್ಕೆ ಕಂಚು ತಂದವರು. ಕಾಮನ್‌ವೆಲ್ತ್ ಕೂಟದ ಜಾವೆಲಿನ್‌ನಲ್ಲಿ ದೇಶಕ್ಕೆ ಬಂದ ಪದಕಗಳನ್ನು ಎಣಿಸಲು ಆಗ ಎರಡು ಕೈ ಬೇಕಾಗಿರಲಿಲ್ಲ. ಅದರಲ್ಲಿ ಒಂದು ತಂದವರೇ ಫೆಡರೇಷನ್‌ನ ನೆನಪಿಗೆ ಬರುವುದಿಲ್ಲ ಅಂದಮೇಲೆ, ಎಲ್ಲೋ ದೂರದ ದೇಶದಲ್ಲಿ ಕೂತು ಸುಳ್ಳು ಹೆಸರಿನಲ್ಲಿ 'ಅಳಿಸಿ' ಅಂತ ಒತ್ತುವವನನ್ನು ಯಾವ ಬಾಯಲ್ಲಿ ಬೈಯುವುದು?

ಇನ್ನೊಂದು ದಾರಿ ಇದೆ, ಕ್ಯಾಲ್ಕುಲೇಟರ್ ದಾರಿ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದರು. ಕರಾವಳಿಯಲ್ಲಿ ಬೆಳಗಾಗುವ ತನಕ ಕಂಬಳ ನಡೆಯುತ್ತದೆ, ಅಲ್ಲಿನವರಿಗೆ ಓಡಿಸುವವರ ಹೆಸರು ಬಾಯಿಪಾಠ. ಘಟ್ಟದ ಮೇಲೆ ಯಾರಿಗೂ ಚಿಂತೆ ಇರಲಿಲ್ಲ. ಯಾರೋ ಪುಣ್ಯಾತ್ಮರು ಭಾಗಾಕಾರ ಮಾಡಿ 100 ಮೀಟರಿಗೆ 9.55 ಅಂದರು ನೋಡಿ, ಉಸೇನ್ ಬೋಲ್ಟ್ 9.58 ಅನ್ನೋದು ಎಲ್ಲರಿಗೂ ನೆನಪಾಯಿತು, ಕೇಂದ್ರ ಸಚಿವರು ಟ್ರಯಲ್ಸ್‌ಗೆ ಕರೆದರು, ವಿದೇಶದ ಚಾನೆಲ್‌ಗಳೆಲ್ಲ ಬಂದವು. ಆ ಭಾಗಾಕಾರದಲ್ಲಿ ಎರಡು ಕೋಣಗಳ ಪಾಲನ್ನು ಯಾರೂ ಕಳೆಯಲಿಲ್ಲ. ಗೌಡರು ಒಬ್ಬರೇ ಬುದ್ಧಿವಂತರು, ಗದ್ದೆ ಬೇರೆ ಟ್ರ್ಯಾಕ್ ಬೇರೆ ಅಂತ ಹೇಳಿ ಟ್ರಯಲ್ಸ್‌ಗೆ ಹೋಗಲಿಲ್ಲ. ಅಂದರೆ ಕಂಬಳ ಓಡಿದ್ದಕ್ಕೆ ಅವರು ಗಮನಾರ್ಹರಾಗಲಿಲ್ಲ, ಓಡದೇ ಇದ್ದ 100 ಮೀಟರಿಗೆ ಆದರು.

ಖೋ ಖೋದವರಿಗೆ ಈ ಕ್ಯಾಲ್ಕುಲೇಟರ್ ಭಾಗ್ಯವೂ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ಆಯಿತು, ಭಾರತದ ಗಂಡಸರು ಹೆಂಗಸರು ಎರಡೂ ತಂಡ ಗೆದ್ದವು. ಅದರಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು, ನಮ್ಮವರೇ ಆದ ಗೌತಮ್ ಇದ್ದರು. ಸರ್ಕಾರ ತಲಾ 5 ಲಕ್ಷ ಅಂದಿತು. ಇಬ್ಬರೂ ಬೇಡ ಅಂದರು, ಪಕ್ಕದ ಮಹಾರಾಷ್ಟ್ರದಲ್ಲಿ ಕೋಟಿ ಲೆಕ್ಕದಲ್ಲಿ ಕೊಡುತ್ತಿದ್ದಾರೆ ಅಂತ. ಆಗ ಸುದ್ದಿಯಾಯಿತು. ಕಪ್ ಗೆದ್ದಾಗಿನದಕ್ಕಿಂತ ಜಾಸ್ತಿ, ಚೆಕ್ ಬೇಡ ಅಂದಾಗ.

ಇಷ್ಟೆಲ್ಲ ಓದಿ ತಲೆ ಬಿಸಿಯಾಗಿ, ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಪಿಟಿ ಮೇಷ್ಟ್ರ ಮನೆಗೆ ಹೋದೆ. ರಿಟೈರಾಗಿ ಬಹಳ ವರ್ಷ ಆಯಿತು. ಡಾಲ್ಡಾ ಡಬ್ಬದ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಅದರಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬೆಳಗಿನ ಜಾವ ಒಬ್ಬರೇ ಬಗ್ಗಿ ಬಗ್ಗಿ ಖೋ ಖೋ ಅಂಕಣದ ಗೆರೆ ಎಳೆಯುತ್ತಿದ್ದವರು. ಕಂಬದ ಸುತ್ತ ಮಂಡಿ ತರಚದಂತೆ ಡೈವ್ ಹೊಡೆಯುವುದು ಹೇಗೆ ಅಂತ ತಮ್ಮ ಪ್ಯಾಂಟು ಹರಿದುಕೊಂಡು ತೋರಿಸಿದವರು. ತಾಲ್ಲೂಕು ಮಟ್ಟಕ್ಕೆ ಹೋಗುವಾಗ ಬಸ್ ಚಾರ್ಜು ಅವರದೇ, ಗೆದ್ದರೆ ಮಸಾಲೆ ದೋಸೆ, ಸೋತರೆ ಇಡ್ಲಿ. ಅವರ ಕೈಯಲ್ಲಿ ಕಲಿತ ನಾಲ್ವರು ರಾಜ್ಯ ತಂಡಕ್ಕೆ ಆಡಿದ್ದಾರೆ, ಇಬ್ಬರು ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಆಗಿ ನನ್ನಂಥವರಿಗೆ ಹೆಲ್ಮೆಟ್ ದಂಡ ಹಾಕುತ್ತಿದ್ದಾರೆ.

"ಸಾರ್, ನಿಮ್ಮ ಬಗ್ಗೆ ಪೇಪರಲ್ಲಿ ಏನಾದ್ರೂ ಬಂದಿತ್ತಾ?" ಅಂದೆ.

"ನನ್ ಬಗ್ಗೆ ಯಾಕೋ ಬರುತ್ತೆ? ಓಡಿದ್ದು ನೀವಲ್ವೇನೋ."

"ಇಲ್ಲ ಸಾರ್, ಬೇಕಿತ್ತು. ಒಂದೇ ಒಂದು ಇದ್ರೂ ಸಾಕು."

ಅವರು ಒಳಗೆ ಹೋಗಿ ಒಂದು ರೆಕ್ಸಿನ್ ಬ್ಯಾಗ್ ತಂದರು. ಸರ್ವಿಸ್ ಬುಕ್ಕಿನ ಜೆರಾಕ್ಸು, ಗ್ಯಾಸಿನ ಪುಸ್ತಕ, ಹಳೇ ಕರೆಂಟ್ ಬಿಲ್ಲುಗಳು. ಅದರ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಒಂದು ಪೇಪರ್ ಕಟಿಂಗ್. ನನಗೆ ಖುಷಿಯಾಗಿಬಿಟ್ಟಿತು. ನಾವು ಜಿಲ್ಲಾ ಮಟ್ಟದಲ್ಲಿ ಗೆದ್ದ ವರ್ಷದ ಫೋಟೊ. ನಡುವೆ ಶಾಸಕರು, ಕೈಯಲ್ಲಿ ನಮ್ಮ ಕಪ್ಪು. ಸುತ್ತ ಮಾಮೂಲಿ ಜನ. ಬಲಗಡೆ ಅಂಚಿನಲ್ಲಿ ಫೋಟೊ ಮುಗಿಯುವ ಕಡೆ ಒಂದು ಮೊಣಕೈ, ಅದರ ಪಕ್ಕ ನೇತಾಡುತ್ತಿರುವ ವಿಷಲ್ಲಿನ ದಾರ.

"ಅದು ನನ್ ಕೈ ಕಣೋ," ಅಂದರು ಮೇಷ್ಟ್ರು.

ಕೆಳಗಿನ ಸಾಲು ಓದಲೇ ಇಲ್ಲ, ಕೊನೇ ಪದ ಏನಿರುತ್ತದೆ ಅಂತ ಗೊತ್ತಿತ್ತು. ಆದರೂ ಇಷ್ಟು ವರ್ಷ ಇದನ್ನು ಕಾಪಾಡಿ ಇಟ್ಟುಕೊಂಡಿದ್ದಾರಲ್ಲ ಅಂತ ಗಂಟಲು ಕಟ್ಟಿತು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, "ಪಾಪ, ಎಷ್ಟು ಜೋಪಾನ ಮಾಡಿದ್ದೀರಿ ಸಾರ್" ಅಂದೆ.

"ಅದಾ? ಹಿಂದ್ಗಡೆ ತಿರುಗಿಸಿ ನೋಡು. ನಮ್ ಮಾವನವರ ವೈಕುಂಠ ಸಮಾರಾಧನೆ ಜಾಹೀರಾತು ಬಂದಿತ್ತು. ಮನೆಯವಳು ಬಿಸಾಕಬೇಡಿ ಅಂದ್ಲು."

ತಿರುಗಿಸಿದೆ. ಮಾವನವರ ಫೋಟೊ, ಹಾರ, ಕೆಳಗೆ ದುಃಖತಪ್ತರ ಪಟ್ಟಿ. ಅದರಲ್ಲಿ ನಾಲ್ಕನೇ ಸಾಲಿನಲ್ಲಿ ಮೇಷ್ಟ್ರ ಪೂರ್ತಿ ಹೆಸರಿತ್ತು, ಇನಿಷಿಯಲ್ ಸಮೇತ, ಪಕ್ಕದಲ್ಲಿ 'ಅಳಿಯ, ದೈಹಿಕ ಶಿಕ್ಷಕರು' ಅಂತಲೂ ಇತ್ತು. ಒಂದಕ್ಷರ ತಪ್ಪಿರಲಿಲ್ಲ.

"ಇದಕ್ಕೆ ದುಡ್ಡು ಕೊಟ್ಟಿದ್ರಾ ಸಾರ್?"

"ಮತ್ತೆ ಸುಮ್ನೆ ಹಾಕ್ತಾರೇನೋ? ಸಾಲಿಗಿಷ್ಟು ಅಂತ ಲೆಕ್ಕ ಹಾಕಿ ಈಸ್ಕೊಂಡ್ರು."